ಬೆವರಿನ ಲೆಕ್ಕ: ವ್ಯಾಯಾಮ ತರಬೇತಿಯನ್ನೂ ಒಂದು ವೃತ್ತಿಯೆಂದು ಪರಿಗಣಿಸೋಣ

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲವೆಂಬುದು ನಮ್ಮ ಸದಸ್ಯರಿಗೆಲ್ಲ ತಿಳಿದ ಸಂಗತಿ. ಅಂಥದೊಂದು ಸಂಜೆ ಸುಂಟಿಕೊಪ್ಪದ ಸಮೀಪದ ಕಾಫಿ ತೋಟವೊಂದರ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದ, ಇಪ್ಪತ್ತೆಂಟರ ಆಸುಪಾಸಿನ ತರುಣನೊಬ್ಬ ನನ್ನ ಕಚೇರಿಗೆ ಬಂದು ಕುಳಿತನು. ಬೆಂಗಳೂರಿನ ಜಿಮ್ ಒಂದರಲ್ಲಿ ಐದು ವರ್ಷ ವೈಯಕ್ತಿಕ ವ್ಯಾಯಾಮ ತರಬೇತುದಾರನಾಗಿ ದುಡಿದು, ತಾಯಿಯ ಅನಾರೋಗ್ಯದ ಕಾರಣ ಊರಿಗೆ ಮರಳಿದ್ದನು. ಕೈಯಲ್ಲಿ ಹತ್ತು ಲಕ್ಷ ರೂಪಾಯಿ ಸಾಲದ ಅರ್ಜಿ ಇತ್ತು. "ಸಾರ್, ಇಲ್ಲೇ ಒಂದು ಜಿಮ್ ಹಾಕಬೇಕು ಅಂತ ಇದ್ದೀನಿ. ಬ್ಯಾಂಕಿನವರು ಮೂರು ವರ್ಷದ ರಿಟರ್ನ್ಸ್ ಕೇಳ್ತಾರೆ. ನನ್ನ ಹತ್ರ ಒಂದೂ ಇಲ್ಲ," ಎಂದನು.

ಐದು ವರ್ಷ ದುಡಿದವನ ಬಳಿ ತಾನು ದುಡಿದೆನೆಂಬುದಕ್ಕೆ ಒಂದೇ ಒಂದು ಕಾಗದವೂ ಇರಲಿಲ್ಲ. ಸಂಬಳದ ಚೀಟಿಯಿಲ್ಲ, ಭವಿಷ್ಯ ನಿಧಿಯಿಲ್ಲ, ಒಪ್ಪಂದ ಪತ್ರವಿಲ್ಲ. ಗ್ರಾಹಕರು ಕೊಟ್ಟ ಶುಲ್ಕದಲ್ಲಿ ಅರ್ಧ ಪಾಲು ಜಿಮ್ಮಿನವರಿಗೆ, ಉಳಿದರ್ಧ ಇವನಿಗೆ, ಅದೂ ಬಹುಪಾಲು ನಗದಿನಲ್ಲಿ. ಅವನ ಹೆಸರನ್ನಾಗಲಿ ಆ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಹೇಳುವ ಅಗತ್ಯವಿಲ್ಲ. ಆದರೆ ಅವನು ಎದ್ದುಹೋದ ಮೇಲೆ ನನ್ನನ್ನು ಕಾಡಿದ ಪ್ರಶ್ನೆಯನ್ನು ಈ ಪತ್ರಿಕೆಯ ಓದುಗ ಮಿತ್ರರ ಮುಂದಿಡಬೇಕೆನಿಸಿತು: ನಮ್ಮಂಥ ಸಣ್ಣ ಪೇಟೆಯಲ್ಲಿ ಇತರರ ದೇಹಾರೋಗ್ಯವನ್ನು ಕಾಯುವುದನ್ನೇ ಜೀವನೋಪಾಯ ಮಾಡಿಕೊಂಡು ಒಬ್ಬ ಮನುಷ್ಯ ಮರ್ಯಾದೆಯಿಂದ ಬಾಳಲು ಸಾಧ್ಯವೇ?

ಸಾಧ್ಯವಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಅವನೂ ಬದಲಾಗಬೇಕು, ವ್ಯಾಪಾರಸ್ಥರಾದ ನಾವೂ ಬದಲಾಗಬೇಕು.

ಹೊಸ ಕಸುಬೇನೂ ಅಲ್ಲ

ಶರೀರ ಸಾಧನೆಯನ್ನು ಕಲಿಸಿ ಬದುಕುವುದು ನಿನ್ನೆ ಮೊನ್ನೆ ಹುಟ್ಟಿದ ಕಸುಬಲ್ಲ. ಹಳೆಯ ಮೈಸೂರು ಸಂಸ್ಥಾನದ ಗರಡಿಮನೆಗಳ ಉಸ್ತಾದರು, ಅರಮನೆಯ ಆಶ್ರಯದಲ್ಲಿದ್ದ ಜಟ್ಟಿಗಳು ಈ ವಿದ್ಯೆಯಿಂದಲೇ ಬಾಳಿದವರು. ಕಳೆದ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ ಕೆ.ವಿ. ಅಯ್ಯರ್ ಅವರನ್ನು 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಕರ್ತೃವೆಂದು ಕನ್ನಡಿಗರು ನೆನೆಯುತ್ತಾರೆ. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಅವರ ಇನ್ನೊಂದು ಮುಖವೇ ಹೆಚ್ಚು ಸೋಜಿಗವೆನಿಸುತ್ತದೆ. ವ್ಯಾಯಾಮಶಾಲೆಗೆ ಬರಲಾಗದ ದೂರದ ಊರಿನವರಿಗೆ ಅವರು ಅಂಚೆಯ ಮೂಲಕವೇ ಪಾಠಗಳನ್ನು ಕಳುಹಿಸಿ ತರಬೇತಿ ನೀಡುತ್ತಿದ್ದರು. ಇಂದು ಮೊಬೈಲ್ ಫೋನಿನಲ್ಲಿ 'ಆನ್‌ಲೈನ್ ಕೋಚಿಂಗ್' ಎಂದು ಕರೆಯುವುದು ಇದೇ ತತ್ವವನ್ನು ಅನುಸರಿಸುತ್ತದೆ. ತರಬೇತುದಾರನ ದೇಹ ಒಂದು ಸಮಯಕ್ಕೆ ಒಂದೇ ಕಡೆ ಇರಬಲ್ಲದು, ಆದರೆ ಅವನ ವಿದ್ಯೆ ಅನೇಕ ಕಡೆಗೆ ತಲುಪಬಲ್ಲದು ಎಂಬುದನ್ನು ಅಯ್ಯರ್ ಅವರು ಅಂದೇ ಅರಿತಿದ್ದರು. ಈ ವೃತ್ತಿಯ ಆರ್ಥಿಕ ರಹಸ್ಯವೂ ಅದರಲ್ಲೇ ಇದೆ.

ಸುಂಟಿಕೊಪ್ಪದಲ್ಲಿ ಗಿರಾಕಿ ಎಲ್ಲಿ?

"ಕೊಡಗಿನಲ್ಲಿ ಯಾರಿಗೆ ಬೇಕು ಜಿಮ್? ಬೆಟ್ಟ ಹತ್ತಿ ಇಳಿದರೆ ಅದೇ ವ್ಯಾಯಾಮ" ಎಂಬ ಮಾತನ್ನು ನಮ್ಮ ಸದಸ್ಯರೇ ಅನೇಕರು ಆಡುವುದನ್ನು ಕೇಳಿದ್ದೇನೆ. ಕಾಫಿ ಕುಯ್ಯುವ ಕಾರ್ಮಿಕರ ಮಟ್ಟಿಗೆ ಈ ಮಾತು ನಿಜವೇ. ಆದರೆ ಬೆಟ್ಟ ಹತ್ತುವವರು ಬೇರೆ, ಗಲ್ಲಾಪೆಟ್ಟಿಗೆಯ ಹಿಂದೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕುಳಿತಿರುವ ನಾವು ಬೇರೆ. ಜೀಪಿನಿಂದ ಇಳಿಯದೆಯೇ ತೋಟ ನೋಡಿಬರುವ ಮಾಲೀಕರೂ ನಮ್ಮಲ್ಲಿದ್ದಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ, ಅಂದರೆ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ಶ್ರಮ ಮತ್ತು ಎರಡು ದಿನಗಳ ಸ್ನಾಯುಬಲದ ವ್ಯಾಯಾಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ನಮ್ಮ ಪೇಟೆಯ ಎಷ್ಟು ಮಂದಿ ವರ್ತಕರು ಈ ಲೆಕ್ಕದಲ್ಲಿ ಉತ್ತೀರ್ಣರಾಗುತ್ತಾರೆಂಬುದನ್ನು ತಾವೇ ಯೋಚಿಸಬಹುದು.

ಇನ್ನೊಂದು ಬಗೆಯ ಗಿರಾಕಿಗಳೂ ಇದ್ದಾರೆ. ಸೇನೆಯ ಸಂಪ್ರದಾಯವುಳ್ಳ ಈ ಜಿಲ್ಲೆಯಲ್ಲಿ ಸೈನ್ಯ ಮತ್ತು ಪೊಲೀಸ್ ನೇಮಕಾತಿಗೆ ಸಿದ್ಧರಾಗುವ ಯುವಕ ಯುವತಿಯರಿಗೆ ಕೊರತೆಯಿಲ್ಲ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯ ಭರ್ತಿಯಲ್ಲಿಯೂ 1.6 ಕಿಲೋಮೀಟರ್ ಓಟ ಒಂದು ಮುಖ್ಯ ಜರಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ 2024ರ ವೇಳೆಗೆ 360 ತಂಡಗಳು ಭಾಗವಹಿಸುವಂತಾಯಿತು. ವರ್ಷವಿಡೀ ಕುರ್ಚಿಯಲ್ಲಿ ಕುಳಿತಿದ್ದು ಉತ್ಸವದ ದಿನ ಏಕಾಏಕಿ ಮೈದಾನಕ್ಕಿಳಿದು ಮಂಡಿ ನೋಯಿಸಿಕೊಂಡ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಸುಂಟಿಕೊಪ್ಪದ ಫುಟ್‌ಬಾಲ್ ಪ್ರೇಮವನ್ನಂತೂ ಬೇರೆ ಹೇಳಬೇಕಾಗಿಲ್ಲ. ಇವರ ಜೊತೆಗೆ ಸುತ್ತಮುತ್ತಲಿನ ರೆಸಾರ್ಟುಗಳು, ಹೋಂಸ್ಟೇಗಳು ಮತ್ತು ಅಲ್ಲಿಗೆ ಬರುವ ಅತಿಥಿಗಳಿದ್ದಾರೆ. ಆದ್ದರಿಂದ ಬೇಡಿಕೆಯೇ ಇಲ್ಲವೆಂದು ಹೇಳಲಾಗದು. ಚದುರಿಹೋಗಿರುವ ಬೇಡಿಕೆಯನ್ನು ಒಂದೆಡೆ ತರುವವರು ಇಲ್ಲವೆಂಬುದೇ ನಿಜವಾದ ಕೊರತೆ.

ಯಂತ್ರಗಳ ಮೋಹ

ಆ ತರುಣನ ಅರ್ಜಿಯನ್ನು ನಾವಿಬ್ಬರೂ ಕುಳಿತು ಅಂಕಿಗಳಲ್ಲಿ ಪರಿಶೀಲಿಸಿದೆವು. ಹತ್ತು ಲಕ್ಷ ರೂಪಾಯಿ ಸಾಲ, ಶೇ. 12ರ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ರೂ. 22,244 ಆಗುತ್ತದೆ. ಕಟ್ಟಡದ ಬಾಡಿಗೆ 15,000, ವಿದ್ಯುತ್ 5,000, ಸಹಾಯಕನ ಸಂಬಳ 12,000, ಯಂತ್ರಗಳ ದುರಸ್ತಿ 3,000 ಎಂದು ಅಂದಾಜು ಮಾಡಿದರೆ ಒಟ್ಟು ವೆಚ್ಚ ರೂ. 57,244. ತಿಂಗಳಿಗೆ 800 ರೂಪಾಯಿ ಶುಲ್ಕ ಕೊಡುವ 72 ಮಂದಿ ಸದಸ್ಯರು ಬಂದರೆ ಈ ವೆಚ್ಚ ಸರಿಹೋಗುತ್ತದೆ, ಆದರೆ ಮಾಲೀಕನ ಕೈಗೆ ಒಂದು ಬಿಡಿಗಾಸೂ ಬರುವುದಿಲ್ಲ. ತನ್ನ ಸಂಸಾರಕ್ಕೆಂದು ಅವನು 25,000 ರೂಪಾಯಿ ತೆಗೆದುಕೊಳ್ಳಬೇಕಾದರೆ 103 ಮಂದಿ ಬೇಕು. ಜನವರಿಯಲ್ಲಿ ಹೊಸ ವರ್ಷದ ಸಂಕಲ್ಪದ ಭರದಲ್ಲಿ ಅಷ್ಟು ಮಂದಿ ಬಂದಾರು. ಆದರೆ ಜೂನ್ ತಿಂಗಳ ಮಳೆ ಹಿಡಿದ ಮೇಲೆ, ಕರೆಂಟೂ ಇಲ್ಲದ ಮುಂಜಾನೆ, ಏಳನೇ ಹೊಸಕೋಟೆಯಿಂದಲೋ ಕಂಬಿಬಾಣೆಯಿಂದಲೋ ಎಷ್ಟು ಮಂದಿ ಬಂದಾರು?

ಇಲ್ಲಿ ಇನ್ನೊಂದು ಅಪಾಯವನ್ನೂ ಗಮನಿಸಬೇಕು. ವಾರ್ಷಿಕ ಶುಲ್ಕವನ್ನು ರಿಯಾಯಿತಿ ದರದಲ್ಲಿ ಒಟ್ಟಿಗೆ ಪಡೆಯುವುದು ಜಿಮ್ ಉದ್ಯಮದ ರೂಢಿ. ಅರವತ್ತು ಮಂದಿ ತಲಾ 6,000 ರೂಪಾಯಿ ಕೊಟ್ಟರೆ ಒಂದೇ ತಿಂಗಳಲ್ಲಿ 3,60,000 ರೂಪಾಯಿ ಕೈಸೇರುತ್ತದೆ. ಅನುಭವವಿಲ್ಲದವನು ಇದನ್ನು ಲಾಭವೆಂದು ಭಾವಿಸಿ ಮತ್ತೊಂದು ಟ್ರೆಡ್‌ಮಿಲ್ ಕೊಂಡುಬಿಡುತ್ತಾನೆ. ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಆ ತಿಂಗಳ ಆದಾಯ 30,000 ಮಾತ್ರ. ಉಳಿದ 3,30,000 ಮುಂದಿನ ಹನ್ನೊಂದು ತಿಂಗಳು ಸೇವೆ ಸಲ್ಲಿಸಿ ತೀರಿಸಬೇಕಾದ ಋಣ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಮುಚ್ಚಿದ ಜಿಮ್‌ಗಳಿಗೆ ಮತ್ತೆ ಬಾಗಿಲು ತೆರೆಯಲು ಕೇಂದ್ರ ಸರ್ಕಾರದ ಅನುಮತಿ ದೊರೆತದ್ದು ಆಗಸ್ಟ್ 5ರಿಂದ. ಆ ನಾಲ್ಕು ತಿಂಗಳಲ್ಲಿ ಬಾಡಿಗೆಯೂ ಕಂತೂ ನಿಲ್ಲಲಿಲ್ಲ. ಮುಂಗಡವನ್ನು ಖರ್ಚು ಮಾಡಿ ಮುಗಿಸಿದ್ದವರ ಪಾಡು ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ನಮ್ಮ ಜಿಲ್ಲೆಯಂತೂ ಅದಕ್ಕೂ ಮುನ್ನ, 2018ರ ಆಗಸ್ಟ್‌ನ ಭೂಕುಸಿತದಲ್ಲಿ, ವ್ಯಾಪಾರ ಒಂದೇ ವಾರದಲ್ಲಿ ಹೇಗೆ ನಿಂತುಹೋಗುತ್ತದೆಂಬುದನ್ನು ಕಂಡಿತ್ತು.

ಮನೆಮನೆಗೆ ಹೋದರೆ ಎಷ್ಟು ಉಳಿದೀತು?

ಯಂತ್ರಗಳನ್ನು ಬಿಟ್ಟು, ಬೈಕಿನಲ್ಲಿ ಗ್ರಾಹಕರ ಮನೆಗಳಿಗೇ ಹೋಗಿ ಕಲಿಸಿದರೆ ಏನಾದೀತೆಂಬುದನ್ನೂ ಲೆಕ್ಕ ಹಾಕಿದೆವು. ಎಂಟು ಮಂದಿ ಗ್ರಾಹಕರು, ಪ್ರತಿಯೊಬ್ಬರಿಗೂ ತಿಂಗಳಿಗೆ 12 ಪಾಠ, ಪಾಠಕ್ಕೆ 300 ರೂಪಾಯಿ ಎಂದರೆ 28,800. ಕೇಳಲು ಇಂಪಾಗಿದೆ. ಹೋದ ಮೇಲೆ "ಇವತ್ತು ಬೇಡಪ್ಪ, ನೆಂಟರು ಬಂದಿದ್ದಾರೆ" ಎನಿಸಿಕೊಂಡು ಹಿಂದಿರುಗುವುದರಿಂದ ಆಗುವ ನಷ್ಟ ಶೇ. 10 ಎಂದರೆ 2,880. ಪೆಟ್ರೋಲ್ 4,000, ಸಲಕರಣೆಗಳ ಸವಕಳಿ 1,000, ಅಪಘಾತ ಮತ್ತು ಆರೋಗ್ಯ ವಿಮೆ 700, ಫೋನ್ 500. ಇವೆಲ್ಲ ಕಳೆದು ಉಳಿಯುವುದು ರೂ. 19,720. ತೋಟದ ರಸ್ತೆಯಲ್ಲಿ ಹೋಗಿ ಬರುವ ಹೊತ್ತೂ ಸೇರಿ ಒಂದು ಪಾಠಕ್ಕೆ ಎರಡು ಗಂಟೆಯೆಂದರೆ ತಿಂಗಳಿಗೆ 192 ಗಂಟೆ. ಅಂದರೆ ಗಂಟೆಗೆ ಸುಮಾರು 103 ರೂಪಾಯಿ. ರಜೆಯಿಲ್ಲ, ಬೋನಸ್ ಇಲ್ಲ, ಪಿಂಚಣಿಯಿಲ್ಲ. ತರಬೇತುದಾರನು ಮಾರುವುದು ವಿದ್ಯೆಯೆಂದು ನಾವು ಭಾವಿಸಿದರೂ, ಈ ಲೆಕ್ಕದಲ್ಲಿ ಅವನ ಹೊತ್ತೆಲ್ಲ ರಸ್ತೆಯ ಮೇಲೆಯೇ ಕರಗಿಹೋಗುತ್ತದೆ.

ಇದಕ್ಕೆ ಪರಿಹಾರ ಕೂಡಿಸಿ ಕಲಿಸುವುದು. ಒಂದೇ ಬಂಗಲೆಯ ವರಾಂಡದಲ್ಲಿ ನೆರೆಹೊರೆಯ ನಾಲ್ವರು ಸೇರಿ ತಲಾ 150 ರೂಪಾಯಿ ಕೊಟ್ಟರೆ, ಗ್ರಾಹಕರಿಗೆ ಶುಲ್ಕ ಅರ್ಧವಾಗುತ್ತದೆ, ತರಬೇತುದಾರನಿಗೆ ಪಾಠದ ಆದಾಯ 600ಕ್ಕೆ ಏರುತ್ತದೆ. ಪೆಟ್ರೋಲ್ ಅಷ್ಟೇ, ರಸ್ತೆಯೂ ಅಷ್ಟೇ. ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಪೇಟೆಯ ವರ್ತಕರಿಗೆ ಒಂದು ತಂಡ, ಹತ್ತು ಗಂಟೆಗೆ ತೋಟದ ಮನೆಗಳ ಮಹಿಳೆಯರಿಗೆ ಒಂದು, ಸಂಜೆ ನೇಮಕಾತಿಗೆ ಸಿದ್ಧರಾಗುವವರಿಗೆ ಒಂದು, ಮಳೆಗಾಲದಲ್ಲಿ ಹಳೆಯ ಬೆಂಗಳೂರು ಗ್ರಾಹಕರಿಗೆ ಫೋನಿನಲ್ಲೇ ಪಾಠ. ಹೀಗೆ ಜೋಡಿಸಿಕೊಂಡರೆ ಸುಂಟಿಕೊಪ್ಪದಲ್ಲಿಯೂ ಈ ವೃತ್ತಿ ಹೊಟ್ಟೆ ಹೊರೆಯುವುದರಲ್ಲಿ ಸಂದೇಹವಿಲ್ಲ.

ಕಾಯ್ದೆಯ ಕಣ್ಣಿನಲ್ಲಿ ಇವನು ಯಾರು?

ಆದಾಯ ತೆರಿಗೆ ಕಾಯ್ದೆ, 1961ರ 44ಎಎ ಕಲಮಿನಲ್ಲಿ ವೈದ್ಯರು, ವಕೀಲರು, ಎಂಜಿನಿಯರುಗಳು, ನಮ್ಮಂಥ ಲೆಕ್ಕಪರಿಶೋಧಕರು ಮುಂತಾದವರನ್ನು ವೃತ್ತಿಪರರೆಂದು ಹೆಸರಿಸಲಾಗಿತ್ತು. ವ್ಯಾಯಾಮ ತರಬೇತುದಾರನಿಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಆದರೆ 2008ರ ಆಗಸ್ಟ್‌ನಲ್ಲಿ ಕ್ರೀಡೆಗೆ ಸಂಬಂಧಿಸಿದ ಕೋಚ್‌ಗಳನ್ನೂ ತರಬೇತುದಾರರನ್ನೂ, ಮೂಲದಲ್ಲೇ ತೆರಿಗೆ ಮುರಿದುಕೊಳ್ಳುವ 194ಜೆ ಕಲಮಿನ ಉದ್ದೇಶಕ್ಕಾಗಿ ವೃತ್ತಿಪರರೆಂದು ಅಧಿಸೂಚಿಸಲಾಯಿತು. ಕೊಡುವ ಗೌರವದ ಪಟ್ಟಿಗಿಂತ ಮುರಿದುಕೊಳ್ಳುವ ಪಟ್ಟಿಗೇ ಅವರು ಮೊದಲು ಸೇರಿದ್ದು ಈ ವೃತ್ತಿಯ ಸ್ಥಿತಿಯನ್ನು ಚೆನ್ನಾಗಿ ಸೂಚಿಸುತ್ತದೆ.

ಆದರೂ ಕಾಯ್ದೆ ಸಣ್ಣ ದುಡಿಮೆಗಾರನಿಗೆ ಪ್ರತಿಕೂಲವಾಗಿಲ್ಲ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಾಯಿತ ಜಿಮ್‌ಗಳ ಮೇಲಿನ ತೆರಿಗೆಯನ್ನೂ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು. ಆದರೆ ಯಂತ್ರ, ಬಾಡಿಗೆ ಮೊದಲಾದವುಗಳ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯುವ ಅವಕಾಶ ಅದರೊಂದಿಗೇ ಹೋಯಿತೆಂಬುದನ್ನು, ಹೊಸದಾಗಿ ಯಂತ್ರ ಕೊಳ್ಳುವವರು ಮರೆಯಬಾರದು. 2025-26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ಬಳಿಕ ತೆರಿಗೆಯೇ ಬರುವುದಿಲ್ಲ. ಹಾಗಿದ್ದ ಮೇಲೆ ರಿಟರ್ನ್ಸ್ ಏಕೆ ಸಲ್ಲಿಸಬೇಕೆಂದು ಅನೇಕ ಯುವಕರು ಕೇಳುತ್ತಾರೆ. ನನ್ನ ಉತ್ತರವಿಷ್ಟೇ: ಬ್ಯಾಂಕಿನ ಕಣ್ಣಿಗೆ ಇಂಥ ದುಡಿಮೆಗಾರ ಕಾಣಿಸುವುದು ರಿಟರ್ನ್ಸ್ ಮೂಲಕವೇ. ಶುಲ್ಕವನ್ನು ಬ್ಯಾಂಕ್ ಖಾತೆಗೇ ಪಡೆಯುವುದು, ರಸೀದಿ ಕೊಡುವುದು, ಉದ್ಯಮ್ ನೋಂದಣಿ ಮಾಡಿಸುವುದು, ಪ್ರತಿ ವರ್ಷ ರಿಟರ್ನ್ಸ್ ಸಲ್ಲಿಸುವುದು, ಇವಿಷ್ಟನ್ನು ಆ ತರುಣ ಮೊದಲ ವರ್ಷದಿಂದಲೇ ಮಾಡಿದ್ದರೆ ಮುದ್ರಾ ಯೋಜನೆಯ ಸಾಲಕ್ಕೆ ಧೈರ್ಯವಾಗಿ ಅರ್ಜಿ ಹಾಕಬಹುದಾಗಿತ್ತು.

ಪ್ರಾಣದ ಹೊಣೆ

ಹಣದ ಲೆಕ್ಕಕ್ಕಿಂತ ದೊಡ್ಡದಾದ ಇನ್ನೊಂದು ಲೆಕ್ಕವಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅಗಲಿದಾಗ ನಾಡಿಗೆ ನಾಡೇ ತತ್ತರಿಸಿತು. ಅನಂತರದ ದಿನಗಳಲ್ಲಿ ಜನರು ಹೃದಯ ತಪಾಸಣೆಗಾಗಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು, ಜಿಮ್‌ಗಳ ಬಗ್ಗೆ ಭಯವೂ ಹಬ್ಬಿತು. ವ್ಯಾಯಾಮವೇ ಅಪಾಯಕಾರಿಯೆಂದು ತೀರ್ಮಾನಿಸುವುದು ಸರಿಯಲ್ಲ. ಆದರೆ ಎದುರಿಗಿರುವವರ ವಯಸ್ಸು, ರಕ್ತದೊತ್ತಡ, ಕುಟುಂಬದ ಹೃದ್ರೋಗ ಚರಿತ್ರೆ, ಸೇವಿಸುತ್ತಿರುವ ಔಷಧಿ ಇವುಗಳನ್ನು ಕೇಳದೆಯೇ ಭಾರ ಎತ್ತಿಸುವವನ ಕೈಗೆ ನಮ್ಮ ದೇಹವನ್ನು ಒಪ್ಪಿಸಬಾರದು.

ತರಬೇತುದಾರನಿಗೆ ಅರ್ಹತಾ ಪತ್ರ ಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕಾಗಿ. ಕ್ರೀಡೆ, ದೈಹಿಕ ಶಿಕ್ಷಣ ಮತ್ತು ಫಿಟ್‌ನೆಸ್ ಕ್ಷೇತ್ರಕ್ಕೆಂದೇ ರಾಷ್ಟ್ರೀಯ ಮಟ್ಟದ ಕೌಶಲ್ಯ ಮಂಡಳಿಯೊಂದಿದ್ದು, ಫಿಟ್‌ನೆಸ್ ತರಬೇತುದಾರರಿಗೆ ಅದು ಅರ್ಹತಾ ಮಾನದಂಡಗಳನ್ನು ರೂಪಿಸಿದೆ. ಪ್ರಥಮ ಚಿಕಿತ್ಸೆ ಮತ್ತು ಹೃದಯ ಸ್ತಂಭನದ ವೇಳೆ ಎದೆ ಒತ್ತುವ ಕ್ರಮ ಅವನಿಗೆ ಕಡ್ಡಾಯವಾಗಿ ಗೊತ್ತಿರಬೇಕು. ಕಮಿಷನ್ ಆಸೆಗೆ ಪ್ರೋಟೀನ್ ಡಬ್ಬಿಗಳನ್ನು ಮಾರುವ ಚಾಳಿಯನ್ನು ಬಿಡಬೇಕು. ತಿಂಗಳ ಕೊನೆಯಲ್ಲಿ ಎರಡು ಸಾವಿರ ತಂದುಕೊಡುವ ಆ ಡಬ್ಬಿ, ವರ್ಷಗಟ್ಟಲೆ ಸಂಪಾದಿಸಿದ ನಂಬಿಕೆಯನ್ನು ಕಳೆಯಬಲ್ಲದು. ಚಿಕ್ಕ ಊರಿನಲ್ಲಿ ನಂಬಿಕೆಗಿಂತ ದೊಡ್ಡ ಬಂಡವಾಳವಿಲ್ಲವೆಂಬುದನ್ನು ವ್ಯಾಪಾರಸ್ಥರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನಾವೇನು ಮಾಡಬಹುದು?

ನಮ್ಮ ಛೇಂಬರಿನ ಮುಂದೆ ನಾಲ್ಕು ಸಲಹೆಗಳನ್ನಿಡಲು ಬಯಸುತ್ತೇನೆ. ಮೊದಲನೆಯದಾಗಿ, ಅರ್ಹತೆ ಪಡೆದ ಸ್ಥಳೀಯ ತರಬೇತುದಾರರ ಪಟ್ಟಿಯೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಬಹುದು. ಎರಡನೆಯದಾಗಿ, ಸದಸ್ಯರ ಬಳಿ ಬೆಳಗಿನ ಹೊತ್ತು ಖಾಲಿ ಇರುವ ಸಭಾಂಗಣ, ಗೋದಾಮುಗಳನ್ನು ಸಾಧಾರಣ ಬಾಡಿಗೆಗೆ ಒದಗಿಸಿ ವರ್ತಕರದ್ದೇ ಒಂದು ಮುಂಜಾನೆ ತಂಡವನ್ನು ಆರಂಭಿಸಬಹುದು. ಮೂರನೆಯದಾಗಿ, ರೆಸಾರ್ಟ್ ಮತ್ತು ಹೋಂಸ್ಟೇ ನಡೆಸುವ ಸದಸ್ಯರು ಬಾಯಿಮಾತಿನ ಏರ್ಪಾಡನ್ನು ಬಿಟ್ಟು, ಗಂಟೆಯ ದರ, ರದ್ದತಿಯ ನಿಯಮ, ಹೊಣೆಗಾರಿಕೆ ಇವುಗಳನ್ನು ಒಂದು ಪುಟದ ಒಪ್ಪಂದದಲ್ಲಿ ಬರೆದುಕೊಡಬೇಕು. ನಾಲ್ಕನೆಯದಾಗಿ, ಇಂಥ ಸ್ವಂತ ದುಡಿಮೆಯವರಿಗೆ ವರ್ಷಕ್ಕೊಮ್ಮೆ ಲೆಕ್ಕಪತ್ರ, ವಿಮೆ ಮತ್ತು ಪಿಂಚಣಿ ಯೋಜನೆಗಳ ಬಗ್ಗೆ ಒಂದು ದಿನದ ಮಾಹಿತಿ ಶಿಬಿರ ನಡೆಸಬೇಕು. ಈ ಶಿಬಿರದ ಜವಾಬ್ದಾರಿಯನ್ನು ಶುಲ್ಕವಿಲ್ಲದೆ ವಹಿಸಿಕೊಳ್ಳಲು ನಾನು ಸಿದ್ಧನಿದ್ದೇನೆ. ನಲವತ್ತೈದು ದಾಟಿದ ಮೇಲೆ ತನ್ನದೇ ಮಂಡಿ ಸವೆಯುವ ವೃತ್ತಿಯಿದು. ಇಪ್ಪತ್ತೆಂಟರಲ್ಲೇ ಪಿಂಚಣಿಯ ಮಾತು ಕಿವಿಗೆ ಬೀಳದಿದ್ದರೆ ಐವತ್ತರಲ್ಲಿ ಅದು ನಿಷ್ಪ್ರಯೋಜಕ.

ಕೊನೆಯದಾಗಿ ನನ್ನದೇ ಒಂದು ತಪ್ಪೊಪ್ಪಿಗೆ. ಸಾಲ ಬೇಡ, ಮೊದಲು ಒಂದು ವರ್ಷ ಮನೆಪಾಠ ಮಾಡಿ ಕಾಗದಪತ್ರ ಸರಿಮಾಡಿಕೊ ಎಂದು ಆ ತರುಣನಿಗೆ ಹೇಳಿ, ಅವನ ಮೊದಲ ಗ್ರಾಹಕರಲ್ಲಿ ನಾನೂ ಒಬ್ಬನಾದೆ. ವೈದ್ಯರು ರಕ್ತದ ಸಕ್ಕರೆಯ ಬಗ್ಗೆ ಎರಡು ಬಾರಿ ಎಚ್ಚರಿಸಿದ್ದರು. ಅವನು 300 ರೂಪಾಯಿ ಎಂದಾಗ ನನ್ನ ಬಾಯಿಂದ ತಾನಾಗಿ ಬಂದ ಮಾತು, "ಇನ್ನೂರಕ್ಕೆ ಮಾಡಪ್ಪ." ಅವನು ಮರುಮಾತಿಲ್ಲದೆ ಒಪ್ಪಿದನು. ಅಂದು ರಾತ್ರಿ ಮೇಲಿನ ಲೆಕ್ಕದ ಹಾಳೆ ಮೇಜಿನ ಮೇಲೆಯೇ ಇತ್ತು. ಪಾಠಕ್ಕೆ 200 ರೂಪಾಯಿಯಾದರೆ ಗಂಟೆಗೆ ಎಷ್ಟು ಬೀಳುತ್ತದೆಂದು ನೋಡಿದೆ. ಸುಮಾರು 58 ರೂಪಾಯಿ. ನನ್ನ ಕಚೇರಿಯ ಸಹಿಗೆ ಯಾರಾದರೂ ಮೂರನೇ ಒಂದು ಭಾಗ ಚೌಕಾಶಿ ಮಾಡಿದರೆ ನಾನು ಅವರನ್ನು ಎರಡನೇ ಬಾರಿ ಒಳಗೆ ಕರೆಯುವುದಿಲ್ಲ. ಮರುದಿನ ಬೆಳಿಗ್ಗೆ ಅವನಿಗೆ ಮುನ್ನೂರನ್ನೇ ಕೊಡುವುದಾಗಿ ತಿಳಿಸಿದೆ.

ಅವನಿಗೆ ಈಗ ಆರು ಮಂದಿ ಗ್ರಾಹಕರಿದ್ದಾರೆ. ಎರಡು ತಂಡಗಳಿಗೆ ಪ್ರಯತ್ನ ನಡೆಸಿದ್ದಾನೆ, ಇನ್ನೂ ಕೂಡಿಬಂದಿಲ್ಲ. ಜಿಮ್ಮಿನ ಆಸೆಯನ್ನೂ ಪೂರ್ತಿ ಬಿಟ್ಟಿಲ್ಲ. ನನ್ನ ಸಲಹೆ ಸರಿಯಿತ್ತೋ ಇಲ್ಲವೋ ಎಂಬುದು ಮುಂದಿನ ಮಳೆಗಾಲ ಕಳೆದ ಮೇಲಷ್ಟೇ ತಿಳಿದೀತು. ಆದರೆ ಅವನು ಮತ್ತೆ ಬೆಂಗಳೂರಿನ ಬಸ್ಸು ಹತ್ತುವನೋ, ಊರಿನಲ್ಲೇ ತಾಯಿಯ ಬಳಿ ಉಳಿಯುವನೋ ಎಂಬುದು ಅವನೊಬ್ಬನ ಕೈಯಲ್ಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಏಳಲು ಮನಸ್ಸು ಮಾಡುವ, ಚೌಕಾಶಿ ಮಾಡದ ಹತ್ತಿಪ್ಪತ್ತು ಮಂದಿ ವರ್ತಕರ ಮೇಲೂ ಅದು ನಿಂತಿದೆ. ಈ ವಿಷಯದಲ್ಲಿ ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.